ಈ ಪರದೆಗೆ ಅನುಮತಿ ಇಲ್ಲ

ಕೇಳಿ ಸ್ವಾಮಿ, ಕೇಳಿ. ಇಲ್ಲಿಯವರೆಗೆ ನೀವು ಓದಿದ ವಿಜ್ಞಾನದ ಕಥೆಗಳಲ್ಲಿ ಹೀರೋ ಯಾರು? ಬಿಳಿ ಕೋಟಿನ ಡಾಕ್ಟರು, ಇಲ್ಲವೆಂದರೆ ತಲೆ ಬಾಚದ ಪ್ರೊಫೆಸರು. ಅವರನ್ನೆಲ್ಲ ಒಂದು ಕಡೆ ಕೂರಿಸಿ, ಟೀ ಕೊಡಿಸಿ, ಮಾತಾಡಬೇಡಿ ಅನ್ನಿ. ಈ ಕಥೆಯ ಹೀರೋ ದಾವಣಗೆರೆಯ ಭಟ್ಟಿ ಓಣಿಯ ತೀರ್ಥೇಶ. ವಯಸ್ಸು ಇಪ್ಪತ್ಮೂರು. ಡಿಪ್ಲೊಮಾದಲ್ಲಿ ಎರಡು ವಿಷಯ ಬಾಕಿ. ಕಾಲಲ್ಲಿ ಹವಾಯಿ ಚಪ್ಪಲಿ, ಅದರಲ್ಲೂ ಒಂದರ ಉಂಗುಟಕ್ಕೆ ಸೇಫ್ಟಿ ಪಿನ್ನು. ಹದಿನಾಲ್ಕು ದೇಶದ ಎಂಜಿನಿಯರುಗಳು ಕೂತು ಕಟ್ಟಿದ ಬೀಗವನ್ನು ಈ ಗಂಡು ಹನ್ನೊಂದೇ ನಿಮಿಷದಲ್ಲಿ ಬಿಚ್ಚಿದ. ನಡುವೆ ಒಂದು ಮಿರ್ಚಿ ತಿಂದ, ಅದೂ ಲೆಕ್ಕದೊಳಗೇ ಇದೆ. ನಂಬಿಕೆ ಇರುವವರು ಈಗಲೇ ಒಂದು ವಿಸಿಲ್ ಹೊಡೆಯಿರಿ. ಇಲ್ಲದವರು ಇಂಟರ್ವಲ್ಲಿನವರೆಗೆ ತಡೆದುಕೊಳ್ಳಿ.

ಬೀಗ ಎಂದರೆ ಚಿತ್ರಕ್ಕೆ ಹಾಕುವ ಬೀಗ. ಕಂಪ್ಯೂಟರಿನಿಂದ ಒಂದು ತಂತಿ ಹೊರಡುತ್ತದೆ, ಪರದೆಗೆ ಸೇರುತ್ತದೆ, ಚಿತ್ರ ಮೂಡುತ್ತದೆ. ಅಜ್ಜಂದಿರ ಕಾಲಕ್ಕೆ ಇಷ್ಟೇ ಇತ್ತು. ಆಮೇಲೆ ಸಿನಿಮಾ ಮಾಡುವವರಿಗೆ ಭಯ ಹತ್ತಿತು. ತಂತಿಯ ಆ ತುದಿಯಲ್ಲಿ ಪರದೆಯೇ ಇದೆ ಎಂದು ಏನು ಗ್ಯಾರಂಟಿ? ಯಾವನೋ ಕಳ್ಳ ಕೂತು ಚಿತ್ರವನ್ನು ಬಕೆಟ್ಟಿಗೆ ಹಿಡಿದುಕೊಳ್ಳುತ್ತಿದ್ದರೆ? ಅದಕ್ಕೇ ಪ್ರತಿಯೊಂದು ಪರದೆಯ ಹೊಟ್ಟೆಯೊಳಗೂ ನಲವತ್ತು ಗುಟ್ಟಿನ ಸಂಖ್ಯೆಗಳನ್ನು ಹುದುಗಿಸಿಟ್ಟರು. ಅದೇ ಅದರ ಕೀಲಿ. ಚಿತ್ರ ಕಳಿಸುವ ಮುಂಚೆ ಕಂಪ್ಯೂಟರು ‘ಯಾರಪ್ಪ ನೀನು?’ ಎಂದು ಕೇಳುತ್ತದೆ. ಪರದೆ ತನ್ನ ಗುಟ್ಟಿನಿಂದ ಒಂದು ಲೆಕ್ಕ ಬಿಡಿಸಿ ಉತ್ತರ ಹೇಳುತ್ತದೆ. ಉತ್ತರ ಕೂಡಿತೋ, ಇಬ್ಬರೂ ಕೈಕುಲುಕಿ ಚಿತ್ರ ಶುರು. ಕೂಡದಿದ್ದರೆ ಕಪ್ಪು. ನೀವು ತಲೆ ಚಚ್ಚಿಕೊಂಡರೂ ಕಪ್ಪು.

ತೀರ್ಥೇಶನ ಕಾಲಕ್ಕೆ ಬರುವಷ್ಟರಲ್ಲಿ ಇದು ಕಾಯ್ದೆಯೇ ಆಗಿತ್ತು. ಚಿತ್ರ ಎಲ್ಲಿ ಬಿದ್ದರೂ ಅದು ಪರದೆ, ಪರದೆ ಇದ್ದಲ್ಲಿ ಕೀಲಿ ಇರಲೇಬೇಕು. ಕೀಲಿ ಕಳುವಾಗಿದೆ ಎಂದು ಗೊತ್ತಾದರೆ ಅದರ ನಂಬರು ಕಪ್ಪುಪಟ್ಟಿಗೆ ಹೋಗುತ್ತದೆ. ಆ ಪಟ್ಟಿಯನ್ನು ಹೊತ್ತು ಯಾವ ಪೊಲೀಸನೂ ಮನೆಗೆ ಬರುವುದಿಲ್ಲ. ಹೊಸ ಸಿನಿಮಾ, ಹೊಸ ಟ್ರೈಲರು, ಹೊಸ ಜಾಹೀರಾತು, ಎಲ್ಲದರ ಬೆನ್ನ ಮೇಲೂ ಅದು ಕೂತು ಬರುತ್ತದೆ. ನೀವು ಚಿತ್ರ ನೋಡುತ್ತಿರುವಾಗ ಚಿತ್ರ ಕಳಿಸುವ ನಿಮ್ಮ ಪೆಟ್ಟಿಗೆ ಪಟ್ಟಿ ಓದಿಕೊಳ್ಳುತ್ತದೆ. ನಿಮ್ಮ ಪರದೆಯ ನಂಬರು ಅದರಲ್ಲಿದ್ದರೆ ಅಲ್ಲಿಂದಾಚೆ ನಿಮ್ಮ ಪೆಟ್ಟಿಗೆ ನಿಮ್ಮದೇ ಪರದೆಗೆ ಕೈ ಕೊಡುವುದಿಲ್ಲ.

ಈ ಕಾಯ್ದೆಯಿಂದಲೇ ತೀರ್ಥೇಶನ ಅನ್ನ. ‘ತೀರ್ಥ ಡಿಸ್‌ಪ್ಲೇ ಕ್ಲಿನಿಕ್’ ಎಂಬ ಬೋರ್ಡು ಹಾಕಿಕೊಂಡು ಕಪ್ಪಾದ ಪರದೆಗಳಿಗೆ ಮದ್ದು ಮಾಡುತ್ತಿದ್ದ. ಒಮ್ಮೆ ಒಂದು ಮದುವೆ ಮನೆಯಲ್ಲಿ ಗೋಡೆಯಗಲದ ಪರದೆ ಧಾರೆಯ ಹೊತ್ತಿಗೆ ಸರಿಯಾಗಿ ಕಪ್ಪಾಯಿತು. ಇವನು ಓಡಿಹೋಗಿ ನೋಡಿದರೆ, ಹುಡುಗಿಯ ಬಾಲ್ಯದ ಒಂದು ಫೋಟೋದಲ್ಲಿ ಅವಳ ಹಿಂದಿನ ಟಿವಿಯಲ್ಲಿ ಯಾವುದೋ ಸಿನಿಮಾ ಓಡುತ್ತಿತ್ತು. ಬೀಗದ ಸಿನಿಮಾ. ಪರದೆಯೋ ಬಾಡಿಗೆಯದು, ಅದರ ಕೀಲಿ ಹಳೆಯದು.

“ನನ್ ಮಗಳ ಮದುವಿಗೆ ಇವ್ರುದ್ದೇನಲೇ ಪರ್ಮಿಷನ್ನು?” ಎಂದು ಹುಡುಗಿಯ ಅಪ್ಪ ಪಂಚೆ ಎತ್ತಿ ಕಟ್ಟಿದ.

“ಗೌಡ್ರೇ, ಗಾಳಿಗೆ ಲೈಸೆನ್ಸ್ ಇಲ್ಲ, ಬೆಂಕಿಗೆ ಅಡ್ರೆಸ್ ಇಲ್ಲ. ಈ ತೀರ್ಥೇಶ್‌ಗೆ ಅಡ್ಡಿ ಇಲ್ಲ!” ಎಂದು ಹೇಳಿ, ತೀರ್ಥೇಶ ಆ ಒಂದು ಫೋಟೋ ಅಳಿಸಿದ. ಪರದೆ ಬೆಳಗಿತು. ಜನ ಚಪ್ಪಾಳೆ ತಟ್ಟಿದರು. ಒಂದು ಫೋಟೋ ಅಳಿಸಿದ್ದಕ್ಕೆ ಅಷ್ಟು ದೊಡ್ಡ ಡೈಲಾಗು ಬೇಕಿತ್ತಾ ಎಂದು ಯಾರೂ ಕೇಳಲಿಲ್ಲ. ಅವನ ಸ್ವಭಾವವೇ ಹಾಗೆ. ಹಲ್ಲುಜ್ಜುವಾಗಲೂ ಕನ್ನಡಿಗೆ ಎರಡು ವಾರ್ನಿಂಗ್ ಕೊಟ್ಟೇ ಬಾಯಿ ಮುಕ್ಕಳಿಸುವವನು. ಬಸ್‌ಸ್ಟ್ಯಾಂಡಿನ ಪರದೆಯಲ್ಲಿ ಹರಪನಹಳ್ಳಿ ಬಸ್ಸಿನ ಮುಂದೆ ‘ವಯಾ ಚಂದ್ರಲೋಕ’ ಎಂದು ಬರಿಸಿ, ಇಬ್ಬರು ಅಜ್ಜಿಯರು ಕಂಡಕ್ಟರನಿಗೆ ಟಿಕೆಟ್ಟಿನ ದರ ವಿಚಾರಿಸುವಂತೆ ಮಾಡಿದ್ದೂ ಇವನೇ.

ಇವನನ್ನು ಸಾಕಿದ್ದು ಸೋದರತ್ತೆ ಹಾಲಮ್ಮ. ಅಪ್ಪ-ಅಮ್ಮ ದ್ರಾಕ್ಷಿ ತೋಟದ ಕೆಲಸಕ್ಕೆ ವಿಜಯಪುರದ ಕಡೆ ಹೋದವರು, ಹಬ್ಬಕ್ಕೆ ಬಂದು ಹೋಗುತ್ತಿದ್ದರು. ಹಾಲಮ್ಮ ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿ ಹುರಿಯುವವಳು. ಕಾದ ಮರಳಿಗೆ ಅಕ್ಕಿ ಸುರಿದರೆ ನಾಲ್ಕು ಎಣಿಸುವಷ್ಟರಲ್ಲಿ ಅರಳುತ್ತದೆ, ಐದಕ್ಕೆ ಕಂದುತ್ತದೆ, ಆರಕ್ಕೆ ದನಕ್ಕೆ. ಮರಳಿನ ಬಣ್ಣ ನೋಡಿ ಆ ನಾಲ್ಕನ್ನು ಹಿಡಿಯುವುದರಲ್ಲಿ ಓಣಿಗೇ ಅವಳು ದೊಡ್ಡವಳು. ಮೂವತ್ತು ವರ್ಷ ಬೆಂಕಿಯ ಬಾಯಿ ನೋಡಿ ನೋಡಿ ಕಣ್ಣು ಹೋದವು. ಏಳು ವರ್ಷ ಕತ್ತಲಲ್ಲಿ ಕೂತು ಗೋಣಿಚೀಲ ಹೊಲಿದಳು.

ಎಂಟು ತಿಂಗಳ ಹಿಂದೆ ಸರ್ಕಾರಿ ಯೋಜನೆಯಲ್ಲಿ ಅವಳಿಗೆ ಹೊಸ ಕಣ್ಣು ಬಂತು. ಕನ್ನಡಕದಲ್ಲಿ ಕ್ಯಾಮೆರಾ, ಸೊಂಟದಲ್ಲಿ ಬೆಂಕಿಪೊಟ್ಟಣದಂಥ ಒಂದು ಪೆಟ್ಟಿಗೆ, ಕಣ್ಣಿನ ಹಿಂಗೋಡೆಗೆ ಅಂಟಿಸಿದ ತೆಳ್ಳನೆಯ ಪೊರೆ. ಕ್ಯಾಮೆರಾ ಕಂಡದ್ದನ್ನು ಪೆಟ್ಟಿಗೆ ಪೊರೆಗೆ ಕಳಿಸುತ್ತದೆ, ಪೊರೆ ನರಕ್ಕೆ ತೋರಿಸುತ್ತದೆ. ಚಿತ್ರ ಬಿದ್ದಲ್ಲೆಲ್ಲ ಪರದೆ ಎಂದು ಕಾಯ್ದೆ ಹೇಳುತ್ತದಲ್ಲ, ಹಾಗಾಗಿ ಆ ಪೊರೆಯೊಳಗೂ ನಲವತ್ತು ಸಂಖ್ಯೆ ಇದ್ದವು. ಅವಳು ಕಣ್ಣು ತೆರೆದಾಗಲೆಲ್ಲ ಪೆಟ್ಟಿಗೆ ಮತ್ತು ಪೊರೆ ಕೈಕುಲುಕುತ್ತಿದ್ದವು.

ಆಸ್ಪತ್ರೆಯಲ್ಲಿ ಬ್ಯಾಂಡೇಜು ಬಿಚ್ಚಿದ ದಿನ ಹಾಲಮ್ಮ ಮೊದಲು ನೋಡಿದ್ದು ತೀರ್ಥೇಶನನ್ನು. ಏಳು ವರ್ಷದಲ್ಲಿ ಹುಡುಗ ಗಂಡಸಾಗಿದ್ದ.

“ಅಯ್ಯ, ಇದೇನಲೇ ಮಕ? ಧ್ವನಿ ಕೇಳಿ ಏನೋ ರಾಜಕುಮಾರ ಅನ್ಕಂಡಿದ್ದೆ.”

“ಅತ್ತೀ, ಸಿಂಹ ಕನ್ನಡಿ ನೋಡ್ಕಳಲ್ಲ. ಕಾಡೇ ನೋಡ್ಕಂತೈತೆ!”

“ಸಿಂಹ ಮೀಸಿ ಬೋಳಿಸ್ಕಳಾಕೆ ಹೇಳಲೇ ಮೊದ್ಲು. ಕೆರ್ಕಂಡಂಗೈತೆ.”

ಮರುವಾರವೇ ಅವಳು ಭಟ್ಟಿಗೆ ಹೋಗಿ ಮತ್ತೆ ಮರಳಿನ ಮುಂದೆ ನಿಂತಳು. ಒಂದು, ಎರಡು, ಮೂರು, ನಾಲ್ಕು. ಅಕ್ಕಿ ಮಲ್ಲಿಗೆಯಂತೆ ಅರಳಿತು. ಓಣಿಯ ಹೆಂಗಸರು ಕೆಲಸ ಬಿಟ್ಟು ನೋಡಿದರು.

ಇನ್ನು ಸಿನಿಮಾಕ್ಕೆ ಬರೋಣ. ಅಭಿಮಾನಿಗಳು ರುದ್ರಣ್ಣ ಎಂದು ಕರೆಯುವ ದೊಡ್ಡ ಹೀರೋನ ‘ಭೈರಾಪುರ ಬಂದ್’ ಬಿಡುಗಡೆಯಾಗುವುದಿತ್ತು. ಮೂರು ವರ್ಷ ಕಾಯಿಸಿದ ಪಿಕ್ಚರು. ಆದರೆ ಭಟ್ಟಿ ಓಣಿಯ ತುದಿಗಿರುವ ಸೋಮಲಿಂಗ ಟಾಕೀಸಿನ ಪ್ರೊಜೆಕ್ಟರಿನ ಕೀಲಿ ತೀರಾ ಹಳೆಯದು; ಹೊಸ ಚಿತ್ರ ಅದಕ್ಕೆ ಕೈಕುಲುಕುವುದಿಲ್ಲ. ನೋಡಬೇಕಾದರೆ ಊರಾಚೆಯ ಮಾಲಿಗೆ ಹೋಗಬೇಕು. ಮಾಲಿನಲ್ಲಿ ವಿಸಿಲ್ ಹೊಡೆದರೆ ಹೊರಗೆ ಕಳಿಸುತ್ತಾರೆ. ವಿಸಿಲ್ ಇಲ್ಲದೆ ರುದ್ರಣ್ಣನನ್ನು ನೋಡುವುದೆಂದರೆ ಉಪ್ಪಿಲ್ಲದ ಮಂಡಕ್ಕಿ.

ಅಭಿಮಾನಿ ಬಳಗದ ಅಧ್ಯಕ್ಷ ಕೊಟ್ರೇಶ ಗುರುವಾರ ಬೆಳಿಗ್ಗೆ ಕ್ಲಿನಿಕ್ಕಿಗೆ ಬಂದ. ದೊಡ್ಡ ಆಳು, ಸಣ್ಣ ಧ್ವನಿ.

“ತೀರ್ಥಾ, ಪಿಚ್ಚರ್ ನಮ್ ಕೈಲೈತೆ. ಡಬ್ಬಿ ಸಿಕ್ಕೈತೆ, ಹೆಂಗೆ ಅಂತ ಕೇಳ್ಬ್ಯಾಡ. ಪರದೆಗೆ ಹಾಕಿದ್ರೆ ಕಪ್ಪು ಬರ್ತೈತಲೇ. ನಾಳೆ ಹತ್ತು ಗಂಟಿಗೆ ಆರ್ನೂರು ಜನ ಬರ್ತಾರೆ. ನನ್ ಮಾನ ಐತೆ ಇದ್ರಾಗೆ.”

“ಬೀಗ ಹಾಕೋನಿಗೆ ಒಂದೇ ಕೀಲಿ ಕೊಟ್ರೇಶಣ್ಣ. ಒಡೆಯೋನಿಗೆ ಊರ್ ತುಂಬ ಕಲ್ಲು.”

“ಡೈಲಾಗ್ ಆಮೇಲೆ ಹೊಡಿ. ಆಗ್ತೈತೋ ಇಲ್ಲೋ?”

ಆಗುತ್ತದೆ ಎಂದ ತೀರ್ಥೇಶನಿಗೆ ಹೇಗೆಂದು ಗೊತ್ತಿರಲಿಲ್ಲ. ಆ ದಿನವೆಲ್ಲ ಕುರ್ಚಿಯಲ್ಲಿ ಕೂತಲ್ಲಿ ಕೂರಲಾರದೆ ಒದ್ದಾಡಿದ. ಪ್ರೊಜೆಕ್ಟರಿಗೆ ಹೊಸದೊಂದು ಕೀಲಿ ಬೇಕು. ಅಂಗಡಿಗೆ ಬರುವ ಟಿವಿಗಳ ಕೀಲಿ ಚಿಪ್ಪಿನ ಹೊಟ್ಟೆಯಲ್ಲಿ ಸಿಮೆಂಟು ಹಾಕಿದಂತೆ ಕೂತಿರುತ್ತದೆ, ಮುಟ್ಟಿದರೆ ಸಾಯುತ್ತದೆ. ಸಂಜೆ ಮನೆಗೆ ಬಂದಾಗ ಅತ್ತೆ ಬಚ್ಚಲಲ್ಲಿ ಮೈಯ ಹೊಟ್ಟು ತೊಳೆದುಕೊಳ್ಳುತ್ತಿದ್ದಳು. ಪೆಟ್ಟಿಗೆ ಕಿಟಕಿಯ ಹತ್ತಿರ ಚಾರ್ಜಿಗಿತ್ತು. ಅದರ ಹಸಿರು ದೀಪ ಮಿಣುಕುತ್ತಿತ್ತು.

ಆಗ ಹೊಳೆಯಿತು. ಕಣ್ಣು ತೆರೆಯುವಾಗ ಅರೆಕ್ಷಣವೂ ತಡವಾಗಬಾರದು ಎಂದು ಕಣ್ಣಿನ ಕಂಪನಿಯವರು ಪೊರೆಯ ಕೀಲಿಯ ಇನ್ನೊಂದು ಪ್ರತಿಯನ್ನು ಪೆಟ್ಟಿಗೆಯಲ್ಲೇ ಇಟ್ಟಿರುತ್ತಾರೆ. ಅಲ್ಲಿ ಸಿಮೆಂಟು ಇಲ್ಲ. ಕುರುಡರ ಪೆಟ್ಟಿಗೆಗೆ ಯಾರು ಕೈ ಹಾಕುತ್ತಾರೆ ಎಂಬ ನಂಬಿಕೆಯೊಂದೇ ಅದಕ್ಕೆ ಕಾವಲು.

ಒಂದು ತಂತಿ, ಒಂದು ಹಳೆಯ ಲ್ಯಾಪ್‌ಟಾಪು. ಹನ್ನೊಂದು ನಿಮಿಷ. ಮಿರ್ಚಿಯ ಎಣ್ಣೆ ಕೀಬೋರ್ಡಿಗೆ ಹತ್ತಿತು.

ಅಪಾಯ ಗೊತ್ತಿಲ್ಲದವನೇನಲ್ಲ ತೀರ್ಥೇಶ. ಬೀಗದ ಚಿತ್ರ ನೋಡುತ್ತಿರುವ ಪ್ರತಿಯೊಂದು ಪರದೆಯೂ ಎರಡು ನಿಮಿಷಕ್ಕೊಮ್ಮೆ ಗಾಳಿಯ ಮೂಲಕ, ಕೀಲಿಗಳ ಲೆಕ್ಕ ಇಡುವ ಕೀಲಿ ಕೇಂದ್ರಕ್ಕೆ ಪಿಸುಗುಡುತ್ತದೆ: ‘ಇಂಥ ನಂಬರು, ನೋಡುತ್ತಿದ್ದೇನೆ.’ ಒಂದೇ ನಂಬರು ಒಂದೇ ಹೊತ್ತಿಗೆ ಎರಡು ಬಾಯಿಂದ ಪಿಸುಗುಟ್ಟಿದರೆ ಅದು ಕಳ್ಳ ಕೀಲಿ. ಬೀಗದ ಚಿತ್ರ ಕನ್ನಡಕದ ಕ್ಯಾಮೆರಾಕ್ಕೆ ಬಿದ್ದರೆ ಅತ್ತೆಯ ಪೆಟ್ಟಿಗೆಯೂ ಪಿಸುಗುಡುತ್ತದೆ. ಆದರೆ ಸಾದಾ ಜಗತ್ತನ್ನು ನೋಡುವಾಗ ಅದು ಸುಮ್ಮನಿರುತ್ತದೆ. ಮರಳಿಗೆ ಬೀಗ ಇಲ್ಲ, ಅಕ್ಕಿಗೂ ಇಲ್ಲ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಅತ್ತೆ ಭಟ್ಟಿಯಲ್ಲಿರುತ್ತಾಳೆ. ಒಂದು ಗಂಟೆಗೆ ಪಿಕ್ಚರು ಮುಗಿದಿರುತ್ತದೆ. ನಕಲನ್ನು ಅಳಿಸಿಬಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

“ಭಟ್ಟಿ ಎಷ್ಟೊತ್ತಿಗತ್ತೀ ನಾಳೆ?” ಎಂದು ಊಟದ ಹೊತ್ತಿಗೆ ಕೇಳಿದ.

“ಏಳಕ್ಕೆ. ಯಾಕಲೇ, ಎಂದೂ ಕೇಳ್ದೋನು?”

“ಸುಮ್ನೆ. ಪ್ರೀತಿ.”

“ಪ್ರೀತಿ ಇದ್ರೆ ಅನ್ನದ ತಪ್ಲಿ ತಿಕ್ಕು.” ಹೇಳುತ್ತ ಅವಳು ಸೆರಗಿನಲ್ಲಿ ನಗುವನ್ನು ಒರೆಸಿಕೊಂಡಳು. ಏನನ್ನೋ ಮುಚ್ಚಿಡುತ್ತಿರುವ ನಗು. ತೀರ್ಥೇಶ ಗಮನಿಸಲಿಲ್ಲ. ಅವನ ತಲೆಯಲ್ಲಿ ಆರುನೂರು ವಿಸಿಲ್ಲು.

ಶುಕ್ರವಾರ ಬೆಳಿಗ್ಗೆ ಸೋಮಲಿಂಗ ಟಾಕೀಸಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ತಮಟೆ, ಪಟಾಕಿ, ಇಪ್ಪತ್ತಡಿ ಕಟೌಟು. ತೀರ್ಥೇಶ ಮೇಲಿನ ಪ್ರೊಜೆಕ್ಟರ್ ಕ್ಯಾಬಿನ್ನಿನಲ್ಲಿ ಒಬ್ಬನೇ ಇದ್ದ. ಮುಂದೆ ಲ್ಯಾಪ್‌ಟಾಪು, ಪಕ್ಕದಲ್ಲಿ ಪಿಸುಮಾತುಗಳನ್ನು ತೋರಿಸುವ ಸಣ್ಣ ಪರದೆ, ಎದುರಿಗೆ ಹಾಲನ್ನು ನೋಡುವ ಅಂಗೈಯಗಲದ ಕಿಂಡಿ. ಹತ್ತಕ್ಕೆ ಐದು ನಿಮಿಷವಿರುವಾಗ ಗುಂಡಿ ಒತ್ತಿದ. ಪ್ರೊಜೆಕ್ಟರು ಕೇಳಿಸಿಕೊಂಡ ಪ್ರಶ್ನೆಗೆ ಹಾಲಮ್ಮನ ಕಣ್ಣು ಉತ್ತರ ಹೇಳಿತು. ಕೈಕುಲುಕು ಆಯಿತು. ಪರದೆಯ ಮೇಲೆ ಬಣ್ಣ ಬಂತು.

ಟಾಕೀಸು ಎದ್ದು ನಿಂತಿತು. ಕ್ಯಾಬಿನ್ನಿನ ಗಾಜು ನಡುಗಿತು. ತೀರ್ಥೇಶನಿಗೆ ಎದೆಯೊಳಗೆ ಯಾರೋ ಎತ್ತಿ ಹಾರಿಸಿದಂತಾಯಿತು.

ಭಟ್ಟಿ ಓಣಿಯಲ್ಲೊಂದು ಪದ್ಧತಿ ಇದೆ. ರುದ್ರಣ್ಣನ ಎಂಟ್ರಿಗೆ ಬೇರೆ ಊರವರು ಹೂವು ಎರಚುತ್ತಾರೆ, ಇಲ್ಲಿ ಮಂಡಕ್ಕಿ. ಮೊದಲ ಹಿಡಿ ಎಸೆಯುವ ಹಕ್ಕು ಓಣಿಯ ಹಿರಿಯ ಅಭಿಮಾನಿಗೆ. ಅವರನ್ನು ಮುಂದಿನ ಸಾಲಿನ ನಡುವೆ ಕೂರಿಸಿ, ಹಾರ ಹಾಕಿ, ಮಡಿಲಿಗೆ ಹೊಸ ಮಂಡಕ್ಕಿ ಕೊಡುತ್ತಾರೆ. ವರ್ಷಗಟ್ಟಲೆ ಎಸೆಯುತ್ತಿದ್ದ ಅಜ್ಜ ಯುಗಾದಿಯ ಮುಂಚೆ ತೀರಿಕೊಂಡಿದ್ದ. ಈ ಸಲ ಯಾರು ಎಂಬುದನ್ನು ಕೊಟ್ರೇಶ ಗುಟ್ಟಾಗಿಟ್ಟಿದ್ದ.

ತೀರ್ಥೇಶ ಕಿಂಡಿಯಲ್ಲಿ ಬಗ್ಗಿ ನೋಡಿದ. ಕೊಟ್ರೇಶ ಯಾರನ್ನೋ ಕೈಹಿಡಿದು ಮುಂದಿನ ಸಾಲಿಗೆ ಕರೆತರುತ್ತಿದ್ದ. ಹಸಿರು ಸೀರೆ. ಕೊರಳಲ್ಲಿ ಸೇವಂತಿಗೆ ಹಾರ. ಕನ್ನಡಕ.

ಹಾಲಮ್ಮ ಕೂತಳು. ತಲೆಯೆತ್ತಿ ಪರದೆ ನೋಡಿದಳು.

ಪಕ್ಕದ ಸಣ್ಣ ಪರದೆಯಲ್ಲಿ ಅಂಕಿ ಓಡುತ್ತಿತ್ತು. ಮುಂದಿನ ಪಿಸುಮಾತಿಗೆ ಒಂದು ನಿಮಿಷ ಐವತ್ತೆರಡು ಸೆಕೆಂಡು.

ನಮ್ಮ ಹೀರೋ ಏನು ಮಾಡಿದ ಅಂತೀರಿ? ಚಪ್ಪಲಿ ಬಿಟ್ಟು ಓಡಿದ. ಆದರೆ ಮೆಟ್ಟಿಲ ಮೇಲೆ ಜನ, ಬಾಗಿಲಲ್ಲಿ ಜನ, ಜನದ ಮೇಲೆ ಜನ. “ದಾರಿ ಬಿಡ್ರಲೇ!” ಎಂದು ಕೂಗಿದ, ತಮಟೆಯ ಸದ್ದಿಗೆ ಯಾರಿಗೂ ಕೇಳಲಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ಧೂಳೆದ್ದಿತು. ಧೂಳಿನಿಂದ ರುದ್ರಣ್ಣ ಬಂದ. “ಊರು ಬಂದ್ ಮಾಡಾಕೆ ಬಂದಿಲ್ಲ, ಊರಿನ ಬಾಯಿ ತೆಗ್ಸಾಕೆ ಬಂದೀನಿ!” ಹಾಲಮ್ಮ ಎದ್ದು, ಸೆರಗು ಸಿಕ್ಕಿಸಿ, ಮೊದಲ ಹಿಡಿ ಮಂಡಕ್ಕಿ ಎಸೆದಳು. ಬೆಳ್ಳಗೆ ಹಾರಿತು. ಆರುನೂರು ಹಿಡಿ ಹಿಂದೆಯೇ ಹಾರಿತು.

ಕ್ಯಾಬಿನ್ನಿನ ಸಣ್ಣ ಪರದೆಯಲ್ಲಿ ಕೆಂಪು ಸಾಲೊಂದು ಬಿತ್ತು: ಒಂದೇ ಕೀಲಿ, ಎರಡು ಬಾಯಿ.

ಎರಡು ನಿಮಿಷದ ನಂತರ ಕೀಲಿ ಕೇಂದ್ರ ಆ ಆಟವನ್ನು ಮಾತ್ರ ತಡೆಯಿತು, ಟಾಕೀಸಿನ ಪರದೆ ಕಪ್ಪಾಯಿತು. ಜನ ಕುರ್ಚಿ ಮುರಿದರು. ಕೊಟ್ರೇಶನ ಮಾನ ಹೋಯಿತು, ಅದರ ಜೊತೆ ಅಂಗಿಯ ಒಂದು ತೋಳೂ. ಹಾಲಮ್ಮ ಮಾತ್ರ ನಗುನಗುತ್ತಲೇ ಹೊರಬಂದಳು.

“ಎಂಟ್ರಿ ನೋಡಿದ್ನಲ್ಲಲೇ, ಸಾಕು ಬಿಡು! ನಿಂಗೆ ಹೇಳ್ಬಾರ್ದು ಅಂತ ಕೊಟ್ರೇಶ ಆಣಿ ಹಾಕ್ಸಿದ್ದ.” ಕನ್ನಡಕ ಒರೆಸಿಕೊಂಡು ಮತ್ತೆ ಹಾಕಿಕೊಂಡಳು. “ಯಾಕಲೇ, ದೆವ್ವ ನೋಡ್ದಂಗೆ ನೋಡ್ತೀಯ?”

ಅವಳಿಗಿನ್ನೂ ಕಾಣುತ್ತಿತ್ತು. ಅದೇ ತೀರ್ಥೇಶನನ್ನು ಹುಚ್ಚು ಹಿಡಿಸಿದ್ದು. ನಂಬರು ಪಟ್ಟಿಗೆ ಸೇರಿತ್ತು, ಆದರೆ ಪಟ್ಟಿ ಇನ್ನೂ ಅವಳ ಪೆಟ್ಟಿಗೆಗೆ ಮುಟ್ಟಿರಲಿಲ್ಲ. ಇವತ್ತಿನ ನಂತರ ಹೊರಬರುವ ಯಾವುದಾದರೂ ಒಂದು ಹೊಸ ಚಿತ್ರವನ್ನು ಅವಳು ಕಣ್ಣೆತ್ತಿ ನೋಡಬೇಕು, ಅಷ್ಟೇ. ಒಂದು ಟ್ರೈಲರು ಸಾಕು. ಸೋಪಿನ ಜಾಹೀರಾತಾದರೂ ಸಾಕು.

ಮನೆಗೆ ಹೋಗುವ ದಾರಿಯಲ್ಲಿ ಎಷ್ಟು ಪರದೆಗಳಿವೆ ಎಂದು ತೀರ್ಥೇಶ ಆವತ್ತು ಮೊದಲ ಸಲ ಎಣಿಸಿದ. ಮೂವತ್ತೊಂದು. ಬೇಕರಿಯಲ್ಲಿ ಎರಡು, ಚಪ್ಪಲಿ ಅಂಗಡಿಯಲ್ಲೊಂದು, ಪೆಟ್ರೋಲ್ ಬಂಕಿನಲ್ಲಿ ಆರು, ಆಟೋಗಳ ಬೆನ್ನ ಮೇಲೆ ಲೆಕ್ಕವಿಲ್ಲದಷ್ಟು. ತನ್ನ ಟವಲ್ಲನ್ನು ಅತ್ತೆಯ ತಲೆಯ ಮೇಲೆ ಹೊದಿಸಿದ.

“ಏನೋ ಇದು, ಮದ್ಲಗಿತ್ತಿ ಮಾಡ್ತೀಯ ನನ್ನ?”

“ಬಿಸ್ಲತ್ತೀ. ಡಾಕ್ಟ್ರು ಫೋನ್ ಮಾಡಿದ್ರು. ಪೊರಿಗೆ ಮೂರು ದಿನ ರೆಸ್ಟ್ ಬೇಕಂತೆ. ಕಣ್ಣು ಕಟ್ಕಂಡಿರ್ಬೇಕಂತೆ.”

“ಏಳು ವರ್ಷ ರೆಸ್ಟ್ ಕೊಟ್ಟಿದ್ನಲ್ಲಪ್ಪ, ಸಾಲ್ದಂತಾ?”

ಶನಿವಾರ ಅವಳ ಕಣ್ಣಿಗೆ ಬಟ್ಟೆ ಕಟ್ಟಿ ಮನೆಯಲ್ಲಿ ಕೂರಿಸಿದ. ಟಿವಿಯ ತಂತಿ ಕತ್ತರಿಸಿ ತಪ್ಪನ್ನು ಇಲಿಯ ಮೇಲೆ ಹಾಕಿದ. ಪಕ್ಕದ ಮನೆಯವರ ಫೋನು ಸದ್ದು ಮಾಡಿದರೆ ಎದ್ದು ಹೋಗಿ ಬಾಗಿಲು ಹಾಕಿದ. ಒಂದು ಕಡೆ ಹೊಸ ಕೀಲಿಗಾಗಿ ಯಾರ್‍ಯಾರಿಗೋ ಬರೆದ, ಯಾರೂ ಉತ್ತರಿಸಲಿಲ್ಲ. ಪೊರೆಯ ಕೀಲಿ ಬದಲಿಸುವುದು ಕೀಲಿ ಕೇಂದ್ರದಿಂದ ಮಾತ್ರ ಸಾಧ್ಯ. ಹೊರಗೆ ನಿಂತು, ಒಳಗೆ ಬಂದು, ನೀರು ಕುಡಿದು, ಮತ್ತೆ ಹೊರಗೆ ನಿಂತ. ಭಾನುವಾರ ಹಾಲಮ್ಮ ಗೊಣಗಿದಳು: “ನಾಳಿ ಭಟ್ಟಿಗೆ ಹೋಗ್ಲಿಲ್ಲ ಅಂದ್ರೆ ನನ್ ಜಾಗಕ್ಕೆ ಬೇರೇರ್ನ ನಿಲ್ಲಿಸ್ತಾರೆ. ನಿನ್ ಡಾಕ್ಟ್ರು ಬಂದು ಅಕ್ಕಿ ಹುರೀತಾರೇನು?”

ಸೋಮವಾರ ಬೆಳಿಗ್ಗೆ ತೀರ್ಥೇಶ ಸೋತು, ಭಟ್ಟಿಯವರೆಗೆ ತಾನೇ ಕೈಹಿಡಿದು ಒಯ್ಯುವುದೆಂದು ತೀರ್ಮಾನಿಸಿದ. ಭಟ್ಟಿಯೊಳಗೆ ಪರದೆ ಇಲ್ಲ, ಬೆಂಕಿಯ ಬಿಸಿಗೆ ಯಾವುದೂ ತಾಳುವುದಿಲ್ಲ. ಅಲ್ಲಿಗೆ ಮುಟ್ಟಿಸಿದರೆ ಸಂಜೆಯವರೆಗೆ ಚಿಂತೆಯಿಲ್ಲ. ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತ. ಒಳಗೆ ಅತ್ತೆ ಕಣ್ಣಿನ ಬಟ್ಟೆ ಬಿಚ್ಚಿ ಟೀಗೆ ಹಾಲಿನ ಪ್ಯಾಕೆಟ್ಟು ಕೈಗೆತ್ತಿಕೊಂಡಿದ್ದಳು.

ಹಾಲಿನ ಪ್ಯಾಕೆಟ್ಟನ್ನು ಅವನು ಮರೆತಿದ್ದ. ಕಾಗದದಷ್ಟು ತೆಳ್ಳನೆಯ ಪರದೆಯನ್ನು ಪ್ಯಾಕೆಟ್ಟಿಗೆ ಅಚ್ಚು ಹಾಕುವ ಕಾಲ ಅದು. ಅವತ್ತಿನ ಜಾಹೀರಾತು ಅದರ ಮೇಲೆ ಕುಣಿಯುತ್ತಿತ್ತು. ಒಂದು ಮಗು, ಒಂದು ಲೋಟ, ಬಿಳಿ ಮೀಸೆ.

“ತೀರ್ಥಾ, ಕರೆಂಟ್ ಹೋತೇನಲೇ?”

ಹೊರಗೆ ಒಳ್ಳೆಯ ಬಿಸಿಲಿತ್ತು. ಕಿಟಕಿಯಿಂದ ಅವಳ ಮುಖದ ಮೇಲೇ ಬೀಳುತ್ತಿತ್ತು.

“ಏನೋ ಬರ್ದಂಗೈತೆ. ಕತ್ಲಾಗೆ ಬೆಳ್ಳಗೆ ಅಕ್ಷರ. ತಡಿ, ಓದ್ತೀನಿ.” ಹಾಲಮ್ಮ ಮೂರನೇ ಇಯತ್ತೆಯವರೆಗೆ ಓದಿದವಳು. ಅಕ್ಷರ ಅಕ್ಷರವಾಗಿ ಕೂಡಿಸಿದಳು. “ಈ... ಪರದೆಗೆ... ಅನುಮತಿ... ಇಲ್ಲ.” ಪ್ಯಾಕೆಟ್ಟನ್ನು ನಿಧಾನವಾಗಿ ಕೆಳಗಿಟ್ಟಳು. ಹಾಲು ಚೆಲ್ಲಬಾರದೆಂದು ಕೈಯಿಂದ ಕಟ್ಟೆಯ ಅಂಚನ್ನು ಹುಡುಕಿದಳು. “ಪರದೆ ಅಂದ್ರೆ ಯಾರಲೇ? ನಾನಾ?”

ತೀರ್ಥೇಶ ಒಳಗೆ ಬಂದು ಪ್ಯಾಕೆಟ್ಟನ್ನು ಬೋರಲು ಹಾಕಿದ.

ಕೀಲಿ ಕೇಂದ್ರದ ಶಾಖೆ ಹಳೇ ಊರಿನಲ್ಲಿ, ಒಂದು ಪಾತ್ರೆ ಅಂಗಡಿಯ ಮೇಲಿತ್ತು. ಬುಧವಾರ ಅವರಿಬ್ಬರೂ ಹೋದರು. ಟೋಕನ್ ನಲವತ್ತೇಳು. ಮೇಜಿನ ಹಿಂದಿದ್ದ ಶಕುಂತಲಾ ಮೇಡಂ ಒಳ್ಳೆಯ ಹೆಂಗಸು, ನಿಯಮವನ್ನು ಬಿಡಿಸಿ ಹೇಳಿದರು. ಕೀಲಿಯನ್ನು ಕದ್ದವನು ಇಂಥವನು ಎಂದು ಗೊತ್ತಾಗಿ, ಅವನು ಹೇಳಿಕೆ ಕೊಟ್ಟರೆ, ಕಣ್ಣಿನವರು ನಿರಪರಾಧಿ. ಎಂಟು ದಿನದಲ್ಲಿ ಹೊಸ ಕೀಲಿ. ಕದ್ದವನಿಗೆ ಎರಡು ವರ್ಷ ಜೈಲು. ಗೊತ್ತಾಗದಿದ್ದರೆ ಕಣ್ಣಿನವರದೇ ನಿರ್ಲಕ್ಷ್ಯ ಎಂದು ಬರೆದುಕೊಳ್ಳಬೇಕಾಗುತ್ತದೆ. ಆಗ ಹೊಸ ಕೀಲಿಗೆ ಸರದಿ ಕಾಯಬೇಕು. ಮೂರು ವರ್ಷ.

ಆಗ ನಮ್ಮ ತೀರ್ಥೇಶ ಎದ್ದು ನಿಂತ. ಅಂಗಿಯ ತೋಳು ಮಡಚಿದ. ಮೇಜನ್ನು ಒಂದು ಸಲ ಕುಟ್ಟಿದ್ದಕ್ಕೆ ಕೆಳಗಿನ ಅಂಗಡಿಯಲ್ಲಿ ಕೊಳಗಗಳು ಉರುಳಿದವು. “ಮೇಡಂ! ಕಳ್ಳನ್ನ ಹುಡುಕ್ಬ್ಯಾಡ್ರಿ. ಕಳ್ಳ ನಿಮ್ ಮುಂದೇ ನಿಂತಾನೆ. ನಂಗೆ ಎರಡಲ್ಲ, ಇಪ್ಪತ್ತು ವರ್ಷ ಹಾಕ್ರಿ. ನಮ್ಮತ್ತಿ ಕಣ್ಣು ಬರಾಕೆ ಎಂಟು ದಿನ ಅಲ್ಲ, ಎಂಟು ನಿಮಿಷ ಟೈಮ್ ಕೊಡ್ತೀನಿ!” ಮೇಡಮ್ಮನ ಕಣ್ಣಲ್ಲಿ ನೀರು ಬಂತು. ಕಂಪ್ಯೂಟರಿನಲ್ಲಿ ಹಸಿರು ದೀಪ ಹತ್ತಿತು. ಹಾಲಮ್ಮ ತಲೆಯೆತ್ತಿ, ಕೈಕೋಳ ತೊಟ್ಟು ಹೋಗುತ್ತಿದ್ದ ಅಳಿಯನ ಬೆನ್ನನ್ನು ಕಣ್ತುಂಬ ನೋಡಿದಳು.

ಇಲ್ಲಿಗೆ ದೀಪ ಹತ್ತಿಸಿ, ಬಾಗಿಲು ತೆಗೆದು, ನಿಮ್ಮನ್ನು ಮನೆಗೆ ಕಳಿಸಬಹುದಿತ್ತು. ನನಗೂ ಇದೇ ಇಷ್ಟ.

ಆದರೆ ಆ ಟಾಕೀಸಿನ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಎಲ್ಲರೂ ಒಳಗಿದ್ದರು. ಒಂದು ನಿಮಿಷ ಐವತ್ತೆರಡು ಸೆಕೆಂಡಿನಲ್ಲಿ ನಾನು ಮೂರು ಸಲ ಇಳಿದು ಹತ್ತಬಹುದಿತ್ತು. ಇಳಿಯುವುದೂ ಬೇಡ, ಪ್ರೊಜೆಕ್ಟರಿನ ಮುಂದೆ ಅಂಗೈ ಇಟ್ಟಿದ್ದರೆ ಸಾಕಿತ್ತು. ಎಂಟ್ರಿಗೆ ಇನ್ನೊಂದೇ ನಿಮಿಷವಿತ್ತು. ನಾನು ತಂದ ಚಿತ್ರಕ್ಕೆ ಆರುನೂರು ಜನ ಹೊಡೆಯುವ ವಿಸಿಲ್ಲನ್ನು ಕೇಳಿ ಆಮೇಲೆ ನಿಲ್ಲಿಸೋಣ ಎಂದು ನಿಂತೆ. ಅತ್ತೆ ಎಸೆದ ಮಂಡಕ್ಕಿ ಹಾರುವುದನ್ನು ಕಿಂಡಿಯಿಂದ ನೋಡಿದೆ. ನಾನೂ ವಿಸಿಲ್ ಹೊಡೆದೆ.

ತೀರ್ಥೇಶ ನಾನೇ. ಬೀಗ ಒಡೆದೆ ಅಂದೆನಲ್ಲ, ಅದೂ ಸುಳ್ಳು. ಬಿಚ್ಚಿಟ್ಟಿದ್ದ ಕೀಲಿಯನ್ನು ಎತ್ತಿಕೊಂಡೆ, ಅಷ್ಟೇ.

ಮೇಜನ್ನು ಕುಟ್ಟಲಿಲ್ಲ. ಶಕುಂತಲಾ ಮೇಡಂ, “ಪೆಟ್ಟಿಗೆ ಯಾರ ಕೈಗೆ ಕೊಟ್ಟಿದ್ರಿ ಅಮ್ಮ?” ಎಂದು ಕೇಳಿದರು. ಅತ್ತೆಯ ಕೈ ನನ್ನ ತೋಳಿನ ಮೇಲಿತ್ತು. ನಾನು ಅವಳಿಗೆ ಏನೂ ಹೇಳಿರಲಿಲ್ಲ, ಆದರೆ ಎರಡು ದಿನ ಕಣ್ಣು ಕಟ್ಟಿ ಕೂರಿಸಿದವನು ಯಾಕೆ ಕೂರಿಸಿದ ಎಂದು ತಿಳಿಯದಷ್ಟು ದಡ್ಡಿಯಲ್ಲ ಅವಳು. ಮುಖವನ್ನು ನನ್ನ ಕಡೆ ತಿರುಗಿಸಿ ಕಾದಳು. ಮೇಡಂ ಎರಡನೇ ಸಲ ಕೇಳಿದರು. ನಾನು ಟೋಕನ್ ಚೀಟಿಯ ಮೂಲೆಯನ್ನು ಮಡಚುತ್ತಿದ್ದೆ. ಮೂರನೇ ಸಲಕ್ಕೆ ಅತ್ತೆಯೇ ಬಾಯಿ ತೆರೆದಳು.

“ಬಸ್‌ಸ್ಟ್ಯಾಂಡಿನಾಗೆ ಯಾರೋ ರಿಪೇರಿಯವ್ನು, ಮೇಡಂ. ಕೊಟ್ಟಿದ್ದೆ. ನಂದೇ ತಪ್ಪು.”

“ನೋಡಿದ್ರೆ ಗುರ್ತು ಹಿಡೀತೀರಾ?”

“ಹೆಂಗವ್ವಾ ಹಿಡೀಲಿ?”

ಮೇಡಂ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು. ಆಟೋದಲ್ಲಿ ಅವಳು ಒಂದೇ ಮಾತು ಕೇಳಿದಳು: “ಆ ಪಿಚ್ಚರ್ ಕೊನಿಗೆ ಏನಾತಂತೋ?” ನನಗೂ ಗೊತ್ತಿರಲಿಲ್ಲ. ಆದರೂ ಹೇಳಿದೆ. ಹೀರೋ ಗೆದ್ದ ಎಂದೆ. ಭಟ್ಟಿ ಓಣಿ ಬರುವವರೆಗೂ ಫೈಟು ಸಮೇತ ಹೇಳಿದೆ.

ಇದಾಗಿ ಹದಿನಾಲ್ಕು ತಿಂಗಳು. ಅವಳ ಜಾಗದಲ್ಲಿ ಈಗ ಬೇರೆ ಹೆಂಗಸು ನಿಲ್ಲುತ್ತಾಳೆ. ಅತ್ತೆ ಬದಿಗೆ ಕೂತು ಚೀಲ ಹೊಲಿಯುತ್ತ, ಅಕ್ಕಿ ಸುರಿದ ಸದ್ದಾದಾಗಲೆಲ್ಲ ಬಾಯಲ್ಲೇ ನಾಲ್ಕು ಎಣಿಸುತ್ತಾಳೆ. ಹೇಳಿಕೆ ಕೊಡಲು ಈಗಲೂ ಅವಕಾಶವಿದೆ ಎಂದು ಮೇಡಂ ಹೇಳಿದ್ದರು. ಎಂಟು ದಿನದ ಕೆಲಸ. ಎರಡು ಸಲ ಆ ಪಾತ್ರೆ ಅಂಗಡಿಯವರೆಗೆ ಹೋಗಿ, ಒಂದು ಸಲ ಒಂದು ಸೌಟು ಕೊಂಡು ಬಂದಿದ್ದೇನೆ.